ಹಾಲಿವುಡ್‌ನ ಸಾಬು: ಎಲ್ಲವನ್ನೂ ಕೂಡಿಟ್ಟು ನೋಡಿದಾಗ

ಪುಸ್ತಕ ಕೂಡಿಡುವವರಿಗೆ ನಮ್ಮ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ಹಳೆಯ ನಾಣ್ಯ, ಅಂಚೆಚೀಟಿ ಕೂಡಿಡುವವರನ್ನೂ ಶಾಲೆಗೆ ಕರೆಸಿ ಶಾಲು ಹೊದಿಸುತ್ತೇವೆ. ಆದರೆ ಹಳೆಯ ಸಿನಿಮಾಗಳ ಕ್ಯಾಸೆಟ್ಟು, ಸೀಡಿ, ಡಿವಿಡಿಗಳನ್ನು ಕೂಡಿಡುವವರನ್ನು ಕಂಡರೆ ಜನರಿಗೆ ನಗು ಬರುತ್ತದೆ. ಅದರಲ್ಲೂ ಮುಸ್ಲಿಮರ ಮನೆಯಾದರೆ ಮುಜುಗರವೂ ಸೇರಿಕೊಳ್ಳುತ್ತದೆ. ಟಿವಿಯನ್ನೇ ಶೈತಾನನ ಪೆಟ್ಟಿಗೆ ಎಂದು ದೂರವಿಟ್ಟ ಮನೆಗಳು ನಮ್ಮಲ್ಲಿವೆ. ಅವರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ತೆರೆಯ ಮೇಲೆ ಮುಸಲ್ಮಾನನನ್ನು ತೋರಿಸಿದ ಬಗೆ ನೋಡಿದರೆ ಆ ಸಿಟ್ಟಿಗೆ ಕಾರಣವಿಲ್ಲವೆಂದು ಯಾರೂ ಹೇಳಲಾರರು. ಆದರೆ ನಮ್ಮ ಚಿತ್ರವನ್ನು ಬೇರೆಯವರು ಹೇಗೆ ಬರೆದರು ಎಂದು ತಿಳಿಯಬೇಕಾದರೆ ಆ ಚಿತ್ರವನ್ನು ನೋಡಲೇಬೇಕು. ಒಮ್ಮೆ ನೋಡಿದರೆ ಸಾಲದು, ಎತ್ತಿಟ್ಟುಕೊಂಡು ಮತ್ತೆ ಮತ್ತೆ ನೋಡಬೇಕು. ಈ ಮಾತನ್ನು ನಾವು ಒಬ್ಬ ನಟನ ಉದಾಹರಣೆಯಿಂದ ಹೇಳಬಯಸುತ್ತೇವೆ. ಅವನು ಕರ್ನಾಟಕದ ಕಾಡಿನಂಚಿನಲ್ಲಿ ಹುಟ್ಟಿದವನು, ಮಾವುತನ ಮಗ, ಮುಸಲ್ಮಾನ. ಹಾಲಿವುಡ್ಡಿನ ಹಳೆಯ ಚಿತ್ರಗಳನ್ನು ಕೂಡಿಡುವ ಜಗತ್ತಿನ ಯಾವ ಹವ್ಯಾಸಿಗೂ ಅವನ ಹೆಸರು ಗೊತ್ತು. ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅವನೇ ಸಾಬು.

ನಾವು ಈ ಮಾತು ಹೇಳುತ್ತಿರುವುದು ಬೆಲ್ಲದ ಬಾಗೇವಾಡಿಯಿಂದ. ಬಸವನ ಬಾಗೇವಾಡಿ ಬೇರೆ, ಇದು ಬೇರೆ. ಇದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಊರು, ಹೆಸರೇ ಹೇಳುವಂತೆ ಕಬ್ಬು ಬೆಲ್ಲದ ಸೀಮೆ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿವಿ ಬಂತು, ಅದರ ಹಿಂದೆಯೇ ವಿಸಿಆರ್ ಬಂತು. ಆಮೇಲೆ ನಮ್ಮಂಥ ಊರುಗಳಲ್ಲೂ ಜಾತ್ರೆಗೆ, ಉರುಸಿಗೆ, ಮದುವೆಯ ಮರುದಿನಕ್ಕೆ ವಿಸಿಆರ್ ಬಾಡಿಗೆ ತರುವ ರೂಢಿಯಾಯಿತು. ಒಂದು ರಾತ್ರಿಗೆ ಮೂರು ಪಿಕ್ಚರ್. ಒಂದು ರಾಜಕುಮಾರರದು, ಒಂದು ಅಮಿತಾಭರದು, ಬೆಳಗಿನ ಜಾವಕ್ಕೆ ಮಕ್ಕಳೆಲ್ಲ ಮಲಗಿದ ಮೇಲೆ ಒಂದು ಇಂಗ್ಲಿಷ್ ಫೈಟಿಂಗ್ ಪಿಕ್ಚರ್. ಹಾಲಿವುಡ್ ನಮಗೆ ಬಂದದ್ದು ಹೀಗೆ, ಉಳಿದದ್ದರ ಜೊತೆ, ಮಾತು ತಿಳಿಯದೆ, ಹೊಡೆದಾಟಕ್ಕಾಗಿ. ಆ ಕ್ಯಾಸೆಟ್ಟುಗಳು ಮರುದಿನ ಅಂಗಡಿಗೆ ಮರಳುತ್ತಿದ್ದವು. ಕೂಡಿಡುವ ಮಾತೇ ಇರಲಿಲ್ಲ. ಕೂಡಿಡುವುದು ಸಾಧ್ಯವಾದದ್ದು ಸೀಡಿ, ಡಿವಿಡಿಗಳು ಅಗ್ಗವಾದ ಮೇಲೆ. ಮೋಸರ್ ಬೇರ್ ಕಂಪನಿ 2007ರಲ್ಲಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದಾಗ ಸಿನಿಮಾ ಎಂಬುದು ಪುಸ್ತಕದಂತೆ ಕಪಾಟಿನಲ್ಲಿ ಇಟ್ಟುಕೊಳ್ಳುವ ವಸ್ತುವಾಯಿತು. ನಾವು ಕೂಡ ಆ ಹೊತ್ತಿನಲ್ಲಿ ಹಳೆಯ ಹಾಲಿವುಡ್ಡಿನ ಕಡೆ ತಿರುಗಿದವರು.

ಸಾಬುವಿನ ಕಥೆಯನ್ನು ಮೊದಲು ಚಿಕ್ಕದಾಗಿ ಹೇಳಬೇಕು. ಅವನು ಹುಟ್ಟಿದ್ದು 1924ರಲ್ಲಿ, ಆಗಿನ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಈಗ ಅದು ಹೆಗ್ಗಡದೇವನ ಕೋಟೆ ತಾಲೂಕು, ಕಬಿನಿ ಹಿನ್ನೀರಿನ ಪ್ರದೇಶ. ತಂದೆ ಮಹಾರಾಜರ ಆನೆಗಳ ಮಾವುತ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಅರಮನೆಯ ಆನೆಲಾಯದಲ್ಲಿ ಬೆಳೆದ. 1935ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಕಿಪ್ಲಿಂಗನ ಕಥೆಯೊಂದನ್ನು ಚಿತ್ರ ಮಾಡಲು ಮೈಸೂರಿಗೆ ಬಂದ. ಅವನ ತಂಡದ ಕಣ್ಣಿಗೆ ಹನ್ನೊಂದು ವರ್ಷದ ಈ ಹುಡುಗ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂದಾಗ ಅವನು ಲಂಡನ್ನಿನಲ್ಲಿ ಮನೆಮಾತಾಗಿದ್ದ. ಮುಂದೆ 'ದಿ ಡ್ರಮ್' (1938), 'ದಿ ಥೀಫ್ ಆಫ್ ಬಾಗ್ದಾದ್' (1940), 'ಜಂಗಲ್ ಬುಕ್' (1942), 'ಅರೇಬಿಯನ್ ನೈಟ್ಸ್' (1942), 'ಕೋಬ್ರಾ ವುಮನ್' (1944), 'ಬ್ಲ್ಯಾಕ್ ನಾರ್ಸಿಸಸ್' (1947). 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಇನ್ನೂ 39.

ಅವನ ಹೆಸರಿನಲ್ಲೇ ಒಂದು ಕಥೆ ಇದೆ. ಅನೇಕ ಪುಸ್ತಕಗಳಲ್ಲಿ ಅವನನ್ನು 'ಸಾಬು ದಸ್ತಗೀರ್' ಎಂದು ಬರೆದಿದ್ದಾರೆ, ಅವನೂ ಕಾನೂನಿನ ಕಾಗದಗಳಲ್ಲಿ ಅದನ್ನೇ ಬಳಸಿದ. ಆದರೆ ದಸ್ತಗೀರ್ ಅವನ ಹೆಸರಲ್ಲ, ಅವನ ಜೊತೆಗೆ ಹೋದ ಅಣ್ಣನ ಹೆಸರು ಎಂದು ಅವನ ಬಗ್ಗೆ ಸಂಶೋಧನೆ ಮಾಡಿದ ಫಿಲಿಪ್ ಲೈಬ್‌ಫ್ರೀಡ್ ಹೇಳುತ್ತಾರೆ. ದಸ್ತಗೀರ ಎಂಬ ಹೆಸರು ಬೆಳಗಾವಿ, ವಿಜಾಪುರ ಕಡೆಯವರಿಗೆ ಎಷ್ಟು ಪರಿಚಿತ! ಬಗ್ದಾದಿನ ಸಂತ ಅಬ್ದುಲ್ ಖಾದರ್ ಜೀಲಾನಿಯವರ ನೆನಪಿಗೆ ಇಡುವ ಹೆಸರು ಅದು. ಕೈ ಹಿಡಿದು ನಡೆಸುವವನು ಎಂದು ಅದರ ಅರ್ಥ. ನಮ್ಮ ಊರುಗಳಲ್ಲಿ ಒಂದೊಂದು ಓಣಿಗೂ ಒಬ್ಬ ದಸ್ತಗೀರಸಾಬ ಸಿಗುತ್ತಾನೆ. ಕೈ ಹಿಡಿದು ನಡೆಸಿದ ಅಣ್ಣನ ಹೆಸರು ತಮ್ಮನ ಕೊರಳಿಗೆ ಬಿತ್ತು, ತಮ್ಮನ ಪೂರ್ತಿ ಹೆಸರು ಕಳೆದುಹೋಯಿತು. ಪೋಸ್ಟರಿನ ಮೇಲೆ ಉಳಿದದ್ದು 'ಸಾಬು' ಎಂಬ ಎರಡೇ ಅಕ್ಷರ. ಕನ್ನಡ ನಾಡಿನ ಮುಸಲ್ಮಾನನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ಏನೇ ಇರಲಿ, ಊರವರ ಬಾಯಲ್ಲಿ ಅವನು 'ಸಾಬ' ಅಷ್ಟೇ.

ಇನ್ನು ಚಿತ್ರಗಳಿಗೆ ಬರೋಣ. 'ಎಲಿಫೆಂಟ್ ಬಾಯ್' ಚಿತ್ರವನ್ನು ಥಿಯೇಟರಿನಲ್ಲಿ ಒಮ್ಮೆ ನೋಡಿ ಬಂದವರಿಗೆ ಅದು ಒಂದೇ ಚಿತ್ರ. ಮನೆಯಲ್ಲಿ ಡಿಸ್ಕ್ ಹಾಕಿ, ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ನೋಡುವವರಿಗೆ ಅದರೊಳಗೆ ಎರಡು ಚಿತ್ರಗಳು ಕಾಣುತ್ತವೆ. ಒಂದನ್ನು ಫ್ಲಾಹರ್ಟಿ ಮೈಸೂರು ಸೀಮೆಯಲ್ಲಿ ತಿಂಗಳುಗಟ್ಟಲೆ ಕೂತು ತೆಗೆದ. ಅಲ್ಲಿ ನಿಜವಾದ ನದಿ ಇದೆ, ನಿಜವಾದ ಕಾಡು ಇದೆ, ಕಾಳಾನಾಗನ ಪಾತ್ರ ಮಾಡಿದ ಅರಮನೆಯ ಆನೆ ಐರಾವತ ಇದೆ, ಆನೆಯ ಮೈ ತಿಕ್ಕುವ ಹುಡುಗನ ಕೈಯ ಪಳಗಿದ ಚಲನೆ ಇದೆ. ಆ ಚಲನೆಯನ್ನು ಯಾವ ನಿರ್ದೇಶಕನೂ ಕಲಿಸಿಕೊಡಲಾರ. ಇನ್ನೊಂದನ್ನು ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾನ ತಮ್ಮ ಜೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆದು ಸೇರಿಸಿದ. ಅಲ್ಲಿ ಕಥೆ ಇದೆ, ಸಂಭಾಷಣೆ ಇದೆ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟರಿದ್ದಾರೆ. ಹುಡುಗ ತೂಮಾಯಿಯ ತಂದೆಯ ಪಾತ್ರ ಮಾಡಿದವನೂ ಬಣ್ಣ ಬಳಿದುಕೊಂಡ ಬಿಳಿಯನೇ. ಮಾವುತನ ಮಗನನ್ನು ಹುಡುಕಿಕೊಂಡು ಮೈಸೂರಿನವರೆಗೆ ಬಂದವರಿಗೆ ಮಾವುತನ ಪಾತ್ರಕ್ಕೆ ಮಾವುತ ಬೇಕೆನಿಸಲಿಲ್ಲ.

ಈ ಎರಡು ಚಿತ್ರಗಳ ನಡುವಿನ ಹೊಲಿಗೆ ಕಣ್ಣಿಗೆ ಬಿದ್ದ ಮೇಲೆ ಅದನ್ನು ಕಾಣದಂತೆ ನೋಡಲು ಸಾಧ್ಯವಿಲ್ಲ. ಆದರೂ ಇಬ್ಬರು ನಿರ್ದೇಶಕರಿಗೂ ಸೇರಿ 1937ರಲ್ಲಿ ವೆನಿಸ್ ಚಿತ್ರೋತ್ಸವದ ನಿರ್ದೇಶನದ ಪ್ರಶಸ್ತಿ ಬಂತು. ನಮ್ಮ ದೃಷ್ಟಿಯಲ್ಲಿ ಪ್ರಶಸ್ತಿ ಸಲ್ಲಬೇಕಾದದ್ದು ಆ ಮೈಸೂರಿನ ಭಾಗಕ್ಕೆ. ಯಾಕೆಂದರೆ ಅದು ಕಥೆಗಿಂತ ದೊಡ್ಡದಾದ ದಾಖಲೆ. ಮೈಸೂರಿನ ಖೆಡ್ಡಾ 1971ರಲ್ಲಿ ಕೊನೆಯ ಬಾರಿ ನಡೆಯಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕಾಕನಕೋಟೆಯ ಹಳೆಯ ಖೆಡ್ಡಾ ಜಾಗ ನೀರಿನ ಕೆಳಗೆ ಹೋಯಿತು. ಹಳ್ಳಿಗಳು ಮುಳುಗಿದವು, ಕಾಡು ಮುಳುಗಿತು. ಅಣೆಕಟ್ಟಿಗೆ ಸುಮಾರು 40 ವರ್ಷ ಮೊದಲಿನ ಆ ಸೀಮೆಯ ಬೆಳಕು, ಜನ, ಆನೆಗಳು ಚಲಿಸುವ ಚಿತ್ರವಾಗಿ ಉಳಿದಿರುವುದು ಒಂದು ಇಂಗ್ಲಿಷ್ ಕಥಾಚಿತ್ರದೊಳಗೆ! ಖೆಡ್ಡಾದ ಬಗ್ಗೆ ಬರೆಯುವ ನಮ್ಮ ಇತಿಹಾಸಕಾರರಿಗೆ ಈ ಡಿಸ್ಕ್ ಒಂದು ಶಾಸನವಿದ್ದಂತೆ.

ಹಾಗೆಂದು ಬರೀ ಹೆಮ್ಮೆಪಟ್ಟು ಕೂರುವಂತಿಲ್ಲ. ಎರಡನೆಯ ಚಿತ್ರ 'ದಿ ಡ್ರಮ್' ಕೈಗೆ ಬಂದಾಗ ಹೆಮ್ಮೆ ನಾಲಿಗೆಯ ಮೇಲೆ ಕಹಿಯಾಗುತ್ತದೆ. ಕಥೆ ವಾಯವ್ಯ ಗಡಿಯದು. ಗುಲ್ ಎಂಬ ಖಾನ್ ಬ್ರಿಟಿಷರ ಮೇಲೆ ಯುದ್ಧಕ್ಕೆ ಹೊಂಚು ಹಾಕುವ ಮತಾಂಧ. ಅವನ ಅಣ್ಣನ ಮಗ ರಾಜಕುಮಾರ ಅಜೀಂ ಬ್ರಿಟಿಷರ ನಂಬಿಗಸ್ತ ಗೆಳೆಯ. ಗುಲ್ ಆಗಿರುವವನು ರೇಮಂಡ್ ಮಾಸ್ಸಿ ಎಂಬ ಬಿಳಿಯ ನಟ. ಅಜೀಂ ನಮ್ಮ ಸಾಬು. ಒಳ್ಳೆಯ ಮುಸಲ್ಮಾನನ ಕೆಲಸವೆಂದರೆ ಕೆಟ್ಟ ಮುಸಲ್ಮಾನನ ಸಂಚನ್ನು ದೊರೆಗಳಿಗೆ ಮುಟ್ಟಿಸುವುದು. ವಿದ್ವಾಂಸ ಮಹಮೂದ್ ಮಮ್ದಾನಿ 2004ರಲ್ಲಿ 'ಒಳ್ಳೆಯ ಮುಸ್ಲಿಂ, ಕೆಟ್ಟ ಮುಸ್ಲಿಂ' ಎಂಬ ಹೆಸರಿನಲ್ಲೇ ಒಂದು ಪುಸ್ತಕ ಬರೆದರು. ಸೆಪ್ಟೆಂಬರ್ 11ರ ನಂತರ ಇಡೀ ಜಗತ್ತು ಮುಸ್ಲಿಮರನ್ನು ಈ ಎರಡು ಖಾನೆಗಳಲ್ಲಿ ತುಂಬತೊಡಗಿತ್ತು. ಆ ಖಾನೆಗಳು ಹೊಸವಲ್ಲ. 1938ರಲ್ಲೇ ಟೆಕ್ನಿಕಲರ್ ಬಣ್ಣದಲ್ಲಿ ತಯಾರಾಗಿದ್ದವು. ಒಳ್ಳೆಯವನ ಖಾನೆಯಲ್ಲಿ ಕೂರಿಸಲು ಮೈಸೂರಿನ ಮಾವುತನ ಮಗನನ್ನು ಆರಿಸಿದ್ದರು.

ಇದನ್ನು ನಮ್ಮ ಹಿರಿಯರು ಆಗಲೇ ಗುರುತಿಸಿದ್ದರು ಎಂಬುದು ಸಮಾಧಾನದ ಸಂಗತಿ. 1938ರಲ್ಲಿ 'ದಿ ಡ್ರಮ್' ಮುಂಬಯಿಯಲ್ಲಿ ತೆರೆ ಕಂಡಾಗ ಅದು ಬ್ರಿಟಿಷರ ಪ್ರಚಾರ ಚಿತ್ರವೆಂದು ಜನ ಬೀದಿಗಿಳಿದು ಪ್ರತಿಭಟಿಸಿದರು. ಮದರಾಸಿನಲ್ಲೂ ಪ್ರತಿಭಟನೆಯಾಯಿತು. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಸಾಬುವಿನ ಕಾರಾಪುರ ಮೈಸೂರು ಸಂಸ್ಥಾನದಲ್ಲಿತ್ತು. ಈಗ ಒಂದೇ ರಾಜ್ಯವಾಗಿರುವ ನಾಡಿನ ಒಂದು ಭಾಗದಿಂದ ಹೋದ ಹುಡುಗ ನಟಿಸಿದ ಚಿತ್ರದ ವಿರುದ್ಧ ಇನ್ನೊಂದು ಭಾಗವನ್ನು ಆಳುತ್ತಿದ್ದ ಪ್ರಾಂತದ ರಾಜಧಾನಿಯಲ್ಲಿ ಘೋಷಣೆ ಎದ್ದಿತು. ಆ ಹುಡುಗನಿಗೆ ಆಗ 14 ವರ್ಷ. ಅವನನ್ನು ದೂರುವುದು ನ್ಯಾಯವಲ್ಲ. ಆದರೆ ಅವನ ನಗುಮುಖವನ್ನು ಯಾವ ಕೆಲಸಕ್ಕೆ ಬಳಸಿಕೊಂಡರು ಎಂದು ಹೇಳದೆ ಹೋಗುವುದೂ ನ್ಯಾಯವಲ್ಲ.

ಮೂರನೆಯದು ಎಲ್ಲರೂ ಮೆಚ್ಚುವ 'ದಿ ಥೀಫ್ ಆಫ್ ಬಾಗ್ದಾದ್'. ಇಂಗ್ಲೆಂಡಿನಲ್ಲಿ ಶುರುವಾಗಿ, ಎರಡನೆಯ ಮಹಾಯುದ್ಧದ ಕಾರಣ ಹಾಲಿವುಡ್ಡಿನಲ್ಲಿ ಮುಗಿದ ಚಿತ್ರ ಇದು. ಛಾಯಾಗ್ರಹಣ, ಕಲಾ ನಿರ್ದೇಶನ, ವಿಶೇಷ ಪರಿಣಾಮಗಳಿಗೆ ಮೂರು ಆಸ್ಕರ್ ಪಡೆಯಿತು. ಸಾಬು ಹಾಲಿವುಡ್ಡಿಗೆ ಹೋದದ್ದು ಈ ಚಿತ್ರದ ಬೆನ್ನಲ್ಲೇ. 2008ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಇದನ್ನು ಎರಡು ಡಿಸ್ಕುಗಳ ಡಿವಿಡಿಯಾಗಿ ಹೊರತಂದಾಗ ನಿರ್ದೇಶಕರಾದ ಮಾರ್ಟಿನ್ ಸ್ಕಾರ್ಸೀಸಿ ಮತ್ತು ಫ್ರಾನ್ಸಿಸ್ ಫೋರ್ಡ್ ಕೊಪ್ಪೋಲಾ ಅದಕ್ಕೆ ವ್ಯಾಖ್ಯಾನದ ದನಿ ಕೊಟ್ಟರು. ಚಿತ್ರದ ಬಣ್ಣ, ಹಾರುವ ಕುದುರೆ, ಬಾಟಲಿಯಿಂದ ಏಳುವ ಜಿನ್ ಇವತ್ತಿಗೂ ಮಕ್ಕಳ ಕಣ್ಣರಳಿಸುತ್ತವೆ. ಸಾಬು ಇದರಲ್ಲಿ ಅಬು ಎಂಬ ಪುಟ್ಟ ಕಳ್ಳ. ಚಿತ್ರವಿಡೀ ಅವನದೇ. ರಾಜನನ್ನು ಸೆರೆಮನೆಯಿಂದ ಬಿಡಿಸುವವನು ಅವನು, ಜಿನ್ನನ್ನು ಉಪಾಯದಿಂದ ಮತ್ತೆ ಬಾಟಲಿಗೆ ಇಳಿಸುವವನು ಅವನು, ಕೊನೆಗೆ ಖಳನನ್ನು ಕೊಲ್ಲುವವನೂ ಅವನು. ಆದರೆ ರಾಜ ಅಹ್ಮದನಾಗಿ ಸಿಂಹಾಸನ ಮತ್ತು ರಾಜಕುಮಾರಿ ಎರಡನ್ನೂ ಪಡೆಯುವವನು ಜಾನ್ ಜಸ್ಟಿನ್ ಎಂಬ ಇಂಗ್ಲಿಷ್ ನಟ. ಬಗ್ದಾದಿನ ಕಥೆಯ ಮುಖ್ಯ ಪಾತ್ರಗಳಲ್ಲಿ ಇದ್ದ ಒಬ್ಬನೇ ಒಬ್ಬ ಮುಸಲ್ಮಾನ ನಟನಿಗೆ ಸಿಕ್ಕಿದ್ದು ಕಳ್ಳನ ಪಾತ್ರ!

ಚಿತ್ರದ ಖಳನ ಹೆಸರು ಜಾಫರ್, ಮಾಟಗಾರ ವಜೀರ. ಇತಿಹಾಸದಲ್ಲಿ ಜಾಫರ್ ಎಂಬ ಮಂತ್ರಿ ಇದ್ದದ್ದು ನಿಜ. ಖಲೀಫ ಹಾರೂನ್ ಅಲ್ ರಶೀದನ ಬರ್ಮಕೀ ಮನೆತನದ ಮಂತ್ರಿ ಅವನು. ಖಲೀಫನ ಕೋಪಕ್ಕೆ ತುತ್ತಾಗಿ ಕ್ರಿ.ಶ. 803ರಲ್ಲಿ ತಲೆ ಕಳೆದುಕೊಂಡ. ಅವನ ತಂದೆ ಯಾಹ್ಯಾ ಬರ್ಮಕೀ ಭಾರತದ ವೈದ್ಯರನ್ನು ಬಗ್ದಾದಿಗೆ ಕರೆಸಿ ಸುಶ್ರುತ ಸಂಹಿತೆಯನ್ನು ಅರಬ್ಬಿಗೆ ಅನುವಾದ ಮಾಡಿಸಿದವನು. ನಮ್ಮ ದೇಶದ ವೈದ್ಯವನ್ನು ಅರಬ್ ಜಗತ್ತಿಗೆ ತಲುಪಿಸಿದ ಮನೆತನದ ಹೆಸರು ತೆರೆಯ ಮೇಲೆ ಮಾಟಗಾರನ ಹೆಸರಾಯಿತು. ಈ ಜಾಫರ್ ಚಿತ್ರದಲ್ಲಿ ಅಬುವನ್ನು ಮಂತ್ರ ಹಾಕಿ ನಾಯಿ ಮಾಡುತ್ತಾನೆ. 1992ರಲ್ಲಿ ಡಿಸ್ನಿ ಕಂಪನಿ 'ಅಲಾದ್ದೀನ್' ತೆಗೆದಾಗ ಜಾಫರ್ ಎಂಬ ಹೆಸರೂ ಬಂತು, ಅಬು ಎಂಬ ಹೆಸರೂ ಬಂತು. ಆದರೆ ಈ ಸಲ ಅಬು ಮನುಷ್ಯನಲ್ಲ, ನಾಯಕನ ಹೆಗಲ ಮೇಲೆ ಕೂರುವ ಸಾಕು ಕೋತಿ. ಬೆಳಗಾವಿಯ ಬಜಾರಿನಲ್ಲಿ ಆ ಕೋತಿಯ ಬೊಂಬೆ ಕೊಳ್ಳುವ ಮಗುವಿಗೆ ಅದರ ಹೆಸರು ಒಂದು ಕಾಲಕ್ಕೆ ಕಾರಾಪುರದ ಹುಡುಗನೊಬ್ಬನ ಪಾತ್ರವಾಗಿತ್ತು ಎಂದು ಹೇಳುವವರು ಯಾರು? ಎರಡು ಡಿಸ್ಕುಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಂಡವರಿಗೆ ಮಾತ್ರ ಇದು ಕಾಣುತ್ತದೆ.

2003ರ ಏಪ್ರಿಲಿನಲ್ಲಿ ಅಮೆರಿಕದ ಸೇನೆ ಬಗ್ದಾದನ್ನು ಹಿಡಿಯಿತು. ಆ ದಿನಗಳಲ್ಲೇ ಇರಾಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು, ರಾಷ್ಟ್ರೀಯ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಐದು ವರ್ಷದ ನಂತರ ಸ್ಟುಡಿಯೋದಲ್ಲಿ ಕಟ್ಟಿದ ಗುಲಾಬಿ ಬಣ್ಣದ ಬಗ್ದಾದು ಚಂದದ ಪೆಟ್ಟಿಗೆಯಲ್ಲಿ ಮಾರುಕಟ್ಟೆಗೆ ಬಂತು. ಒಂದಕ್ಕೆ ಇನ್ನೊಂದು ಕಾರಣ ಎಂದು ನಾವು ಹೇಳುತ್ತಿಲ್ಲ. ಹಳೆಯ ಫಿಲ್ಮನ್ನು ಕಾಪಾಡಿದವರ ಶ್ರಮಕ್ಕೆ ನಾವು ಋಣಿಗಳು. ಆದರೆ ನಿಜವಾದ ಬಗ್ದಾದಿನ ನೆನಪು ಸುಟ್ಟುಹೋಗುವುದೂ ಸುಳ್ಳು ಬಗ್ದಾದಿನ ನೆನಪು ಹೊಳಪು ಪಡೆಯುವುದೂ ಒಂದೇ ದಶಕದಲ್ಲಿ ನಡೆದವು. ಯಾವ ನೆನಪನ್ನು ಉಳಿಸಬೇಕೆಂದು ತೀರ್ಮಾನಿಸುವ ಹಣ ಮತ್ತು ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಕೂಡಿಡುವವರು ಕೇಳಿಕೊಳ್ಳಲೇಬೇಕು.

ಮುಂದಿನ ಚಿತ್ರಗಳನ್ನು ಒಂದೊಂದಾಗಿ ವಿವರಿಸುವ ಅಗತ್ಯವಿಲ್ಲ. ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಸಾಲೇ ಮಾತಾಡುತ್ತದೆ. 'ಜಂಗಲ್ ಬುಕ್'ನಲ್ಲಿ ಲಂಗೋಟಿಯ ಮೋಗ್ಲಿ. 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ಎರಡರಲ್ಲೂ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮೋಂಟೆಜ್, ಸಾಬು ಅವರಿಬ್ಬರನ್ನು ಒಂದುಗೂಡಿಸುವ ಸಂಗಾತಿ. 'ಬ್ಲ್ಯಾಕ್ ನಾರ್ಸಿಸಸ್' ಕಲಾಕೃತಿಯಾಗಿ ಇವೆಲ್ಲಕ್ಕಿಂತ ಮೇಲು. ಅದರಲ್ಲಿ ಸಾಬುವಿಗೆ ಕಡೆಗೂ ಮೈತುಂಬ ಬಟ್ಟೆ, ರಾಜಕುವರನ ಪಾತ್ರ, ಒಂದು ಪ್ರೇಮ ಸಿಗುತ್ತದೆ. ಆದರೆ ಅವನ ಪ್ರೇಯಸಿಯಾದ ಹಳ್ಳಿ ಹುಡುಗಿ ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್ ಎಂಬ ಇಂಗ್ಲಿಷ್ ನಟಿ. ಅವನು ಸತ್ತ ಮೇಲೆ 1964ರಲ್ಲಿ ಬಿಡುಗಡೆಯಾದ 'ಎ ಟೈಗರ್ ವಾಕ್ಸ್' ಚಿತ್ರದಲ್ಲೂ ಅವನ ಜೊತೆಗಿರುವುದು ಹುಲಿ. ಆನೆಯಿಂದ ಶುರುವಾದದ್ದು ಹುಲಿಯಲ್ಲಿ ಮುಗಿಯಿತು. ಹನ್ನೊಂದರ ಹುಡುಗನಿಗೆ ಕೊಟ್ಟ ಜಾಗದಿಂದ ಮೂವತ್ತೊಂಬತ್ತರ ಗಂಡಸನ್ನು ಅವರು ಅಲುಗಿಸಲಿಲ್ಲ. ಒಂದು ಚಿತ್ರ ನೋಡಿದಾಗ ಇದು ಆ ಕಥೆಯ ಅಗತ್ಯವೆಂದು ತೋರುತ್ತದೆ. ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಇದು ವ್ಯವಸ್ಥೆಯೆಂದು ಗೊತ್ತಾಗುತ್ತದೆ. ಕೂಡಿಡುವುದು ವಿಮರ್ಶೆಯ ಒಂದು ವಿಧಾನ ಎಂದು ನಾವು ಹೇಳುವುದು ಇದಕ್ಕೇ.

ತೆರೆಯ ಹೊರಗಿನ ಸಾಬು ಬೇರೆಯೇ ಮನುಷ್ಯ. 1944ರಲ್ಲಿ ಅವನು ಅಮೆರಿಕದ ಪ್ರಜೆಯಾದ. ಭಾರತೀಯರು ಅಲ್ಲಿ ಪ್ರಜೆಗಳಾಗಲು ಸಾಮಾನ್ಯ ಅವಕಾಶ ಕೊಟ್ಟ ಕಾನೂನು ಬಂದದ್ದು 1946ರಲ್ಲಿ. ಅದಕ್ಕೂ ಮೊದಲೇ ಸಿಕ್ಕಿದ್ದು ಅವನು ಸೈನ್ಯ ಸೇರಿದ್ದರಿಂದ. ಪೆಸಿಫಿಕ್ ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದ ತುದಿಯ ಗನ್ನರ್ ಆಗಿ ಹಾರಾಡಿದ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ನಿಜ ಜೀವನದಲ್ಲಿ ಯುದ್ಧವೀರ, ಮರಳಿ ಸ್ಟುಡಿಯೋಗೆ ಬಂದರೆ ಮತ್ತೆ ಕಾಡಿನ ಹುಡುಗ. ಹುಟ್ಟಿದ ದೇಶವೂ ಅವನಿಗೆ ಒಲಿಯಲಿಲ್ಲ. ಮೆಹಬೂಬ್ ಖಾನ್ 'ಮದರ್ ಇಂಡಿಯಾ' (1957) ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಆರಿಸಿದ್ದು ಸಾಬುವನ್ನು. ಅವನು ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಾದ. ಚಿತ್ರೀಕರಣ ತಡವಾಯಿತು, ಅಮೆರಿಕದ ಪ್ರಜೆಯಾದ್ದರಿಂದ ಇಲ್ಲಿ ಕೆಲಸ ಮಾಡುವ ಪರವಾನಗಿಗೂ ತೊಡಕಾಯಿತು, ಪಾತ್ರ ಸುನೀಲ್ ದತ್ ಪಾಲಾಯಿತು. ಸಾಬು ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸದೆ ಹೋದ. ಸಾಲದ ಹೊಲದಲ್ಲಿ ಬಂದೂಕು ಹಿಡಿದ ರೈತನ ಮಗನ ಆ ಪಾತ್ರ ಅವನಿಗೆ ಸಿಕ್ಕಿದ್ದರೆ ನಮ್ಮ ಕಪಾಟಿನ ಸಾಲು ಬೇರೆ ಮಾತು ಹೇಳುತ್ತಿತ್ತು.

ಈಗ ಈ ಚಿತ್ರಗಳು ಉಳಿದ ಬಗೆಯನ್ನು ನೋಡೋಣ. 'ಜಂಗಲ್ ಬುಕ್' ಉಳಿದದ್ದು ಒಂದು ಮರೆವಿನಿಂದ. ಅಮೆರಿಕದ ಆಗಿನ ಕಾನೂನಿನಂತೆ 28ನೇ ವರ್ಷದಲ್ಲಿ ನವೀಕರಿಸಬೇಕಾದ ಹಕ್ಕುಸ್ವಾಮ್ಯವನ್ನು ಯಾರೂ ನವೀಕರಿಸಲಿಲ್ಲ. ಚಿತ್ರ ಸಾರ್ವಜನಿಕ ಸ್ವತ್ತಾಯಿತು. ವಿಡಿಯೊ ಕ್ಯಾಸೆಟ್ಟಿನ ಕಾಲ ಬಂದಾಗ ಯಾರು ಬೇಕಾದರೂ ಅದನ್ನು ನಕಲು ಮಾಡಿ ಮಾರಬಹುದಾಗಿತ್ತು, ಮಾರಿದರು. ಬಣ್ಣ ಮಾಸಿದ, ದನಿ ಕರಕರ ಎನ್ನುವ ಪ್ರತಿಗಳು ಜಗತ್ತೆಲ್ಲ ಹರಡಿದವು. ಬೇಲಿ ಇಲ್ಲದ ಹೊಲದಂತೆ ಅದು ಎಲ್ಲರದೂ ಆಯಿತು, ಹಾಗೆಯೇ ಸವೆದೂ ಹೋಯಿತು. ಉಳಿದವು ಸಂಸ್ಥೆಗಳ ಕಾಳಜಿಯಿಂದ ಉಳಿದವು. 2011ರಲ್ಲಿ ಕ್ರೈಟೀರಿಯನ್ ಸಂಸ್ಥೆ 'ಎಲಿಫೆಂಟ್ ಬಾಯ್', 'ದಿ ಡ್ರಮ್', 'ಜಂಗಲ್ ಬುಕ್' ಮೂರನ್ನೂ ಸೇರಿಸಿ 'ಸಾಬು!' ಎಂಬ ಹೆಸರಿನಲ್ಲೇ ಡಿವಿಡಿ ಪೆಟ್ಟಿಗೆ ತಂದಿತು. ಸತ್ತು 48 ವರ್ಷವಾದ ನಟನಿಗೆ, ಅದೂ ನಾಯಕನೆಂದು ಹಾಲಿವುಡ್ ಒಪ್ಪದ ನಟನಿಗೆ, ಇದು ದೊಡ್ಡ ಗೌರವವೇ.

ಆದರೆ ಆ ಗೌರವ ನಮ್ಮವರೆಗೆ ಬರುವ ದಾರಿಯಲ್ಲಿ ಗೇಟುಗಳಿದ್ದವು. ಕ್ಯಾಸೆಟ್ಟಿನ ಕಾಲದಲ್ಲಿ ಅಮೆರಿಕದ್ದು ಎನ್‌ಟಿಎಸ್‌ಸಿ ಪದ್ಧತಿ, ನಮ್ಮದು ಪಾಲ್ ಪದ್ಧತಿ. ಅಲ್ಲಿಂದ ತಂದ ಟೇಪು ಇಲ್ಲಿನ ಸಾಮಾನ್ಯ ವಿಸಿಆರ್‌ನಲ್ಲಿ ಸರಿಯಾಗಿ ಓಡುತ್ತಿರಲಿಲ್ಲ. ಡಿವಿಡಿ ಬಂದಾಗ ಕಂಪನಿಗಳು ಜಗತ್ತನ್ನೇ ವಲಯಗಳಾಗಿ ಹಂಚಿಕೊಂಡವು. ಅಮೆರಿಕ 1ನೇ ವಲಯ, ಭಾರತ 5ನೇ ವಲಯ. 1ರ ಗುರುತಿನ ಡಿಸ್ಕು 5ರ ಯಂತ್ರದಲ್ಲಿ ಓಡದು. ಕಾರಾಪುರದ ಹುಡುಗನನ್ನು ಹೊತ್ತ ಡಿಸ್ಕ್ ಅಂಥ ಗುರುತು ಪಡೆದು ಬಂದರೆ ಕಾರಾಪುರದ ಯಂತ್ರದಲ್ಲೇ ಓಡುವುದಿಲ್ಲ! ಯಂತ್ರದ ವಲಯ ಬದಲಿಸುವ ಗುಟ್ಟು ಬಲ್ಲ ರಿಪೇರಿ ಅಂಗಡಿಯ ಹುಡುಗರಿಂದಲೇ ನಮ್ಮಂಥವರ ಸಂಗ್ರಹಗಳು ಬೆಳೆದವು. ಸಿನಿಮಾ ಸಂಸ್ಕೃತಿಯ ಇತಿಹಾಸ ಬರೆಯುವವರು ಈ ಮೆಕ್ಯಾನಿಕ್‌ಗಳಿಗೂ ಒಂದು ಸಾಲು ಮೀಸಲಿಡಬೇಕು.

ಇನ್ನೊಂದು ಹೋಲಿಕೆ ನಮ್ಮನ್ನು ಇನ್ನೂ ಹೆಚ್ಚು ಕಾಡುತ್ತದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಅದನ್ನು ಚಿತ್ರೀಕರಿಸಿದ್ದು ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ. ನಮ್ಮ ಊರಿನಿಂದ ಸಂಕೇಶ್ವರ, ನಿಪ್ಪಾಣಿ ದಾಟಿದರೆ ಕೊಲ್ಲಾಪುರ. ಅಂದರೆ ಕನ್ನಡ ಸಿನಿಮಾ ಮೊದಲು ಮಾತಾಡಿದ್ದು ನಮ್ಮ ಪಕ್ಕದಲ್ಲೇ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಆಗಿನ ನೈಟ್ರೇಟ್ ಫಿಲ್ಮು ಬೇಗ ಕೆಡುವಂಥದು, ಬೆಂಕಿಗೆ ಹತ್ತಿರ. ಓಟ ಮುಗಿದ ಚಿತ್ರಕ್ಕೆ ಬೆಲೆಯೂ ಇರಲಿಲ್ಲ. ಭಾರತದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಶುರುವಾದದ್ದೇ 1964ರಲ್ಲಿ. 2003ರ ಜನವರಿಯಲ್ಲಿ ಪುಣೆಯಲ್ಲಿ ಹೊತ್ತಿದ ಬೆಂಕಿ ಉಳಿದಿದ್ದ ನೈಟ್ರೇಟ್ ಪ್ರತಿಗಳಲ್ಲೂ ಬಹಳಷ್ಟನ್ನು ತಿಂದಿತು. 1934ರಲ್ಲಿ ಕನ್ನಡಿಗರು ತಮಗಾಗಿ ತೆಗೆದ ಚಿತ್ರ ಇಲ್ಲ. 1937ರಲ್ಲಿ ಹೊರಗಿನವರು ನಮ್ಮ ಕಾಡಿನಲ್ಲಿ ತಮಗಾಗಿ ತೆಗೆದ ಚಿತ್ರ ಇದೆ. ಕೂಡಿಡದ ಸಮಾಜಕ್ಕೆ ಬೇರೆಯವರ ಕಪಾಟಿನಲ್ಲಿ ತನ್ನ ಮುಖ ಹುಡುಕುವ ಗತಿ ಬರುತ್ತದೆ.

ಈಗ ಡಿಸ್ಕುಗಳ ಕಾಲವೂ ಸರಿದುಹೋಗಿದೆ. ಜಪಾನಿನ ಫುನಾಯಿ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಅಗ್ಗದ ಸೀಡಿ ಮಾರಿದ ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಾದಿ ಹಿಡಿಯಿತು. ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದಲ್ಲ, ಕೂಡಿಡುವುದು ಯಾಕೆ ಎಂದು ಹುಡುಗರು ಕೇಳುತ್ತಾರೆ. ಮೊಬೈಲಿನಲ್ಲಿ ಸಿಗುವುದು ಇಂದು ಇದ್ದು ನಾಳೆ ಇಲ್ಲವಾಗಬಹುದು, ಅದನ್ನು ಇಡುವ ತೆಗೆಯುವ ಅಧಿಕಾರ ಕಂಪನಿಯದು. ಹಾಗೆಂದು ಡಿಸ್ಕು ಶಾಶ್ವತವೂ ಅಲ್ಲ. ನಮ್ಮ ಮಳೆಗಾಲಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಅಗ್ಗದ ಸೀಡಿಯ ಹೊಳಪಿನ ಪದರ ಏಳುತ್ತದೆ. ಕಪಾಟಿನಲ್ಲಿ ಪೇರಿಸಿಟ್ಟು ಬೀಗ ಹಾಕಿದವನು ಕಾಪಾಡಿದ ಹಾಗಾಗಲಿಲ್ಲ. ಇರುವುದನ್ನು ಕಾಲಕಾಲಕ್ಕೆ ಹೊಸ ಪ್ರತಿ ಮಾಡಬೇಕು, ನಾಲ್ಕು ಜನರಿಗೆ ತೋರಿಸಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಕೆಲಸವೇನು ಎಂಬುದನ್ನೂ ಹೇಳಬೇಕು. ಸಾಬುವನ್ನು 'ನಮ್ಮ ಹುಡುಗ' ಎಂದು ಮೆರವಣಿಗೆ ಮಾಡುವುದು ಸುಲಭ. ಆ ಚಿತ್ರಗಳೆಲ್ಲ ಮುಸ್ಲಿಂ ವಿರೋಧಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಇನ್ನೂ ಸುಲಭ. ಎರಡರಲ್ಲೂ ನೋಡುವ ಶ್ರಮ ಇಲ್ಲ. ಕೋರ್ಡಾ ಸಹೋದರರು ಕಟ್ಟಿದ ಸುಳ್ಳಿನ ನಡುವೆ ಆ ಹುಡುಗನ ಮೈ ಮಾತ್ರ ಸುಳ್ಳು ಹೇಳುವುದಿಲ್ಲ. ಆನೆಯ ಸೊಂಡಿಲ ಮೇಲೆ ಕಾಲಿಟ್ಟು ಅವನು ಏರುವ ರೀತಿಯಲ್ಲಿ ತಲೆಮಾರುಗಳ ಮಾವುತರ ವಿದ್ಯೆ ಇದೆ. ಆ ವಿದ್ಯೆ ಇಂದಿಗೂ ಮೈಸೂರು ಸೀಮೆಯ ಮುಸ್ಲಿಂ ಮತ್ತು ಆದಿವಾಸಿ ಮಾವುತರ ಕುಟುಂಬಗಳಲ್ಲಿದೆ. ದಸರೆಯಲ್ಲಿ ಅಂಬಾರಿಯನ್ನು ನೋಡಿ ಕೈಮುಗಿಯುವ ಲಕ್ಷಾಂತರ ಜನ ಆನೆಯ ಹೆಸರನ್ನು ಬಲ್ಲರು, ಅದನ್ನು ನಡೆಸುವವನ ಹೆಸರನ್ನು ಬಲ್ಲವರು ಕಡಿಮೆ.

ನಮ್ಮ ಸಲಹೆ ಚಿಕ್ಕದು, ಮಾಡಬಹುದಾದದ್ದು. 2009ರಲ್ಲಿ ಶುರುವಾದ ಕರ್ನಾಟಕ ಚಲನಚಿತ್ರ ಅಕಾಡೆಮಿ, ವಿಶ್ವವಿದ್ಯಾಲಯಗಳು, ಇಲ್ಲವೇ ಆಸಕ್ತರ ಒಂದು ಗುಂಪು ಸೇರಿ 'ಎಲಿಫೆಂಟ್ ಬಾಯ್' ಚಿತ್ರದ ಒಳ್ಳೆಯ ಪ್ರತಿಯೊಂದನ್ನು ಹಕ್ಕು ಪಡೆದು ತರಿಸಲಿ. ಅದಕ್ಕೆ ಕನ್ನಡದ ಅಡಿಬರಹ ಬೀಳಲಿ. ಅದನ್ನು ಬೆಂಗಳೂರಿನ ಸಭಾಂಗಣದಲ್ಲಿ ತೋರಿಸುವ ಮೊದಲು ಹೆಗ್ಗಡದೇವನ ಕೋಟೆಯಲ್ಲಿ, ಆನೆ ಶಿಬಿರಗಳ ಮಾವುತರ ಎದುರು ತೋರಿಸಲಿ. ಮೈಸೂರಿನಲ್ಲಿ ತೆಗೆದ ದೃಶ್ಯಗಳಲ್ಲಿ ಸಾಬುವಿನ ಹಿಂದೆ, ನದಿಯ ದಂಡೆಯಲ್ಲಿ, ಆನೆಗಳ ನಡುವೆ ಬೇರೆ ಮನುಷ್ಯರೂ ಕಾಣುತ್ತಾರೆ. ಅವರ ಮೊಮ್ಮಕ್ಕಳು, ಮರಿಮಕ್ಕಳು ಆ ಕಡೆ ಇನ್ನೂ ಇರಬೇಕು. ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದರೆ ಒಂದೆರಡು ಮುಖಗಳನ್ನಾದರೂ ಅವರು ಗುರುತು ಹಿಡಿದಾರು. ಹಿಡಿದ ಹೆಸರುಗಳನ್ನು ಬರೆದುಕೊಳ್ಳಲು ಒಬ್ಬರು ನೋಟ್‌ಬುಕ್ ಹಿಡಿದು ಕೂತರೆ ಸಾಕು.